ಧ್ರುವಪ್ರಭೆಯ ಪ್ರೊಫೆಸರ್

“ಪ್ರೊಫೆಸರ್, ಧ್ರುವಪ್ರಭೆಯನ್ನು ನೀವು ಇದುವರೆಗೆ ಎಷ್ಟು ಸಲ ನೋಡಿದ್ದೀರಿ?” ವ್ಯಾನಿನ ಹಿಂದಿನ ಸೀಟಿನಿಂದ ಜರ್ಮನ್ ಮಹಿಳೆ ಫ್ರೌ ಕ್ರೆಮರ್ ಕೇಳಿದರು.

“ಲೆಕ್ಕ ಇಟ್ಟಿಲ್ಲ,” ಎಂದರು ಪ್ರಭಂಜನ.

ಸುಳ್ಳೇನಲ್ಲ. ಸೊನ್ನೆಗೆ ಯಾರು ಲೆಕ್ಕ ಇಡುತ್ತಾರೆ? ಸೂರ್ಯನಿಂದ ಹಾರಿಬಂದ ಕಣಗಳು ಭೂಮಿಯ ಗಾಳಿಗೆ ಬಡಿದು ಬಡಗಣ ಆಕಾಶದಲ್ಲಿ ಬಣ್ಣ ಚೆಲ್ಲುವ ಬಗ್ಗೆ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಮೂವತ್ತು ವರ್ಷ ಪಾಠ ಹೇಳಿದ್ದರು, ಎರಡು ಪುಸ್ತಕ ಬರೆದಿದ್ದರು. ಉಪಗ್ರಹಗಳು ಕಳಿಸಿದ ಅಂಕಿ ಅಂಶವೆಲ್ಲ ಬಾಯಿಪಾಠ. ನಾರ್ವೆಗೇ ಮೂರು ಸಲ ಹೋಗಿದ್ದರು. ಮೂರು ಸಲವೂ ಸೆಮಿನಾರ್ ಮುಗಿಸಿ ಹೊರಗೆ ಬಂದಾಗ ಮೇಲೆ ಬರೀ ಮೋಡ. ಆಮೇಲಾಮೇಲೆ, ನೋಡಿಲ್ಲ ಎಂದು ಬಾಯಿಬಿಡಲೇ ನಾಚಿಕೆಯಾಯಿತು. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಹೆಂಡತಿ ವೈದೇಹಿಗೆ ಮಾತ್ರ ಗೊತ್ತಿತ್ತು.

ಗಂಡ ನಿವೃತ್ತರಾದ ವಾರವೇ ಬಾಲ್ಟಿಕ್ ಕಡಲತೀರದಲ್ಲಿ ಧ್ರುವಪ್ರಭೆ ತೋರಿಸುವ ಈ ಎಂಟು ಜನರ ಟೂರಿಗೆ ಸೀಟು ಹಿಡಿದದ್ದು ವೈದೇಹಿಯೇ. “ನಾನು ಯಾರು ಅಂತ ಅಲ್ಲಿ ಯಾರಿಗೂ ಹೇಳ್ಬೇಡ ಕಣೇ,” ಎಂದು ಪ್ರಭಂಜನ ಬೇಡಿಕೊಂಡಿದ್ದರು. ಹೇಳುವ ಅಗತ್ಯವೇ ಬೀಳಲಿಲ್ಲ. ಫ್ರೌ ಕ್ರೆಮರ್ ನಿವೃತ್ತ ಶಾಲಾ ಟೀಚರ್. ಇವರ ಭಾಷಣ ಕೇಳಿಯೇ ಟೂರಿಗೆ ಹೊರಟು ಬಂದ ಮಹಾತಾಯಿ. ವ್ಯಾನ್ ಹತ್ತಿದ ಐದೇ ನಿಮಿಷಕ್ಕೆ ಸುದ್ದಿ ಗೈಡ್ ಲೀನಾವರೆಗೂ ಹೋಯಿತು.

ಲೀನಾಗೆ ಇಪ್ಪತ್ತಾರು ವರ್ಷ ಇರಬಹುದು. ಕಡಲತೀರದಲ್ಲಿ ಇಳಿದ ಕೂಡಲೇ ಮರಳಿನ ಮೇಲೆ ಎಲ್ಲರನ್ನೂ ಉತ್ತರಕ್ಕೆ ಮುಖ ಮಾಡಿ ನಿಲ್ಲಿಸಿ, ಶುಂಠಿ ಚಹಾ ಕೊಟ್ಟು, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲೆಂದು ಕೆಂಪು ಟಾರ್ಚ್ ಬಿಟ್ಟು ಬೇರೆ ಬೆಳಕು ಕೂಡದು ಎಂದಳು. ಅಕ್ಟೋಬರಿನ ಗಾಳಿ ಕಿವಿ ಕಚ್ಚುತ್ತಿತ್ತು. ಒಂದು ಗಂಟೆ ಕಳೆದ ಮೇಲೆ ಸಮುದ್ರದ ಅಂಚಿನಲ್ಲಿ ಬೂದು ಬಣ್ಣದ ಪಟ್ಟಿಯೊಂದು ಎದ್ದಿತು. ಲೀನಾ ಅದನ್ನೊಮ್ಮೆ ನೋಡಿ, ನೇರ ಪ್ರಭಂಜನರ ಹತ್ತಿರ ಬಂದಳು.

“ನಿಮಗೇನನ್ನಿಸುತ್ತೆ ಪ್ರೊಫೆಸರ್? ಅದೇನಾ?”

ಇವರ ಪುಸ್ತಕದ ಚಿತ್ರಗಳಲ್ಲಿ ಇದ್ದದ್ದು ಗಿಳಿ ಹಸಿರು. ಇದೋ, ಒಗೆದು ಹರವಿದ ಹಳೇ ಪಂಚೆಯ ಹಾಗಿತ್ತು. “ಮೋಡ,” ಎಂದರು ಖಚಿತವಾಗಿ. ಪ್ರೊಫೆಸರರೇ ಹೇಳಿದ ಮೇಲೆ ಮುಗಿಯಿತು. ಎಲ್ಲರೂ ಲೋಟ ಕೊಡವಿ ವ್ಯಾನಿನ ಕಡೆ ತಿರುಗಿದರು.

ವೈದೇಹಿ ಮಾತ್ರ ಕದಲಲಿಲ್ಲ. “ರೀ, ಮೋಡ ಆಗಿದ್ರೆ ಅದರ ಹಿಂದಿರೋ ನಕ್ಷತ್ರ ಹೇಗ್ರೀ ಕಾಣುತ್ತೆ?”

ಪ್ರಭಂಜನ ಬಾಯಿ ತೆರೆಯುವಷ್ಟರಲ್ಲಿ ಪಟ್ಟಿ ಹಸಿರಿಗೆ ತಿರುಗಿತು. ಅದರೊಳಗಿಂದ ತಿಳಿ ಗುಲಾಬಿ ಕಂಬಗಳು ಒಂದೊಂದಾಗಿ ಮೇಲೆದ್ದವು. ಹೋದವರೆಲ್ಲ ಕೂಗುತ್ತಾ ಓಡಿಬಂದರು.

“ಪ್ರೊಫೆಸರ್ ನಮ್ಮನ್ನು ಪರೀಕ್ಷೆ ಮಾಡಿದ್ದು!” ಫ್ರೌ ಕ್ರೆಮರ್ ಚಪ್ಪಾಳೆ ತಟ್ಟಿದರು. “ನೀವು ನೋಡಿ ನೋಡಿ ಸಾಕಾದವರು. ನನ್ನದೊಂದು ಫೋಟೋ ತೆಗೆದುಕೊಡ್ತೀರಾ?”

ಒಂದು ಫೋನಿನ ಹಿಂದೆ ಇನ್ನೊಂದು, ಒಟ್ಟು ಆರು ಫೋನು ಬಂದವು. ಒಂದೊಂದು ಫೋಟೋಗೂ ಮೂರು ಸೆಕೆಂಡು ಕೈ ಅಲ್ಲಾಡಬಾರದು. ಅಲ್ಲಾಡಿದರೆ ಮತ್ತೊಮ್ಮೆ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವರಂತೆ ಪ್ರಭಂಜನ ತಲೆ ತಗ್ಗಿಸಿ ಕ್ಲಿಕ್ಕಿಸುತ್ತಿದ್ದರು.

ವೈದೇಹಿ ಪಕ್ಕಕ್ಕೆ ಬಂದು ಕನ್ನಡದಲ್ಲಿ ಮೆಲ್ಲಗೆ ಕೇಳಿದರು. “ಇದು ಎಷ್ಟು ಹೊತ್ತು ಇರುತ್ತೆ?”

“ಐದು ನಿಮಿಷ. ಹತ್ತು ಇದ್ರೆ ನಮ್ಮ ಪುಣ್ಯ.”

“ಮತ್ತೆ ತಲೆ ಎತ್ತಿ ನೋಡ್ರೀ!”

“ಇನ್ನೂ ಮೂರು ಫೋನಿದೆ.”

“‘ನಾನೂ ನೋಡಿಲ್ಲ’ ಅಂತ ಅವರಿಗೆ ಹೇಳ್ಬಿಡಿ.”

“ಮರ್ಯಾದೆ ಹೋಗುತ್ತೆ ಕಣೇ.”

“ಮರ್ಯಾದೆ ನಾಳೆ ಬೆಳಗ್ಗೆ ಸಂಪಾದಿಸ್ಕೋಬಹುದು. ಇದು ಸಿಗುತ್ತಾ?”

ಪ್ರಭಂಜನ ಫೋನಿನ ಪರದೆ ನೋಡಿದರು. ಒಂದು ಕಂಬ ಬುಡದಿಂದ ಮಾಸತೊಡಗಿತ್ತು. ಮೂವತ್ತು ವರ್ಷ ಪರದೆಯ ಮೇಲೆ ನೋಡಿದ್ದಾಯಿತು, ಈಗ ಎದುರಿಗೇ ನಿಂತರೂ ಪರದೆಯೇ ಗತಿ! ತಮ್ಮ ಮೇಲೇ ಸಿಟ್ಟು ಬಂತು, ಹಿಂದೆಯೇ ಅಳುವೂ ಬಂತು. ಫೋನನ್ನು ಅದರ ಒಡೆಯನ ಕೈಗೆ ತುರುಕಿ, ಎಲ್ಲರಿಗೂ ಕೇಳುವಂತೆ ಜರ್ಮನ್ನಿನಲ್ಲಿ ಹೇಳಿದರು.

“ಕ್ಷಮಿಸಿ, ನಾನು ಇದನ್ನು ಒಂದು ಸಲವೂ ನೋಡಿಲ್ಲ. ಇವತ್ತೇ ಮೊದಲು. ಮೋಡ ಅಂದದ್ದು ಪರೀಕ್ಷೆಯಲ್ಲ, ನನಗೆ ಗೊತ್ತಾಗಲಿಲ್ಲ.”

ಫ್ರೌ ಕ್ರೆಮರ್ ತೆರೆದ ಬಾಯಿ ಮುಚ್ಚಲಿಲ್ಲ. ಪ್ರಭಂಜನರಿಗೆ ಅದು ಕಾಣಿಸಲೂ ಇಲ್ಲ, ಅವರು ಆಗಲೇ ತಲೆ ಎತ್ತಿದ್ದರು. ಯಾವ ಅನಿಲ ಯಾವ ಬಣ್ಣ ಕೊಡುತ್ತದೆ, ಎಷ್ಟು ಎತ್ತರದಲ್ಲಿ, ಒಂದೂ ನೆನಪಿಗೆ ಬರಲಿಲ್ಲ. ಅಬ್ಬಾ, ಎಷ್ಟು ಚೆನ್ನಾಗಿದೆ ಎಂದಷ್ಟೇ ಅನ್ನಿಸಿತು. ಹೆಂಡತಿಯ ಕೈ ಹುಡುಕಿ ಹಿಡಿದುಕೊಂಡರು.

ಸ್ವಲ್ಪ ಹೊತ್ತಿನಲ್ಲಿ ಲೀನಾ ಬಂದು ಅವರ ಮಗ್ಗುಲಲ್ಲಿ ನಿಂತಳು. ಟಾರ್ಚ್ ಆರಿಸಿದಳು. ಉಳಿದವರು ದೂರದಲ್ಲಿದ್ದಾರೆಂದು ಖಚಿತ ಮಾಡಿಕೊಂಡು, ಆಕಾಶದಿಂದ ಕಣ್ಣು ಕೀಳದೆ ಪಿಸುಗುಟ್ಟಿದಳು.

“ದಯವಿಟ್ಟು ಅವರಿಗೆ ಹೇಳಬೇಡಿ ಪ್ರೊಫೆಸರ್. ನನಗೂ ಇದೇ ಮೊದಲು.”