ಹಟವಿಲ್ಲದ ಮಕ್ಕಳು

ಅಪ್ಪನ ಅಂತ್ಯಕ್ರಿಯೆ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಗ್ಗೆ, ಏಳು ವರ್ಷದ ಮಗಳು ಯಾರೂ ಹೇಳದೆಯೇ ಹಾಲು ಕುಡಿದು ಲೋಟ ತೊಳೆದಿಟ್ಟಳು. "ಎಷ್ಟು ಜಾಣೆ ನೋಡಮ್ಮ, ಹಟ ಇಲ್ಲ, ಅಳು ಇಲ್ಲ," ಎಂದರು ಅತ್ತೆ. ಸೊಸೆ ಆ ಲೋಟವನ್ನು ಎತ್ತಿಟ್ಟು ಗಂಡನ ಮೇಜಿನ ಬಳಿ ಹೋದಳು.

ವಿಕ್ಟೋರಿಯಾ ರಾಣಿಯ ಕಾಲದ ಕಿರುಕಾದಂಬರಿಯೊಂದರ ಮಕ್ಕಳ ಬಗ್ಗೆ ಗಂಡ ಬರೆಯುತ್ತಿದ್ದ ಲೇಖನವನ್ನು ಮುಗಿಸಿಕೊಡಲು ಅವಳು ಒಪ್ಪಿಕೊಂಡಿದ್ದಳು. ಪುಸ್ತಕ ತೆರೆದಳು. ಅದರಲ್ಲಿನ ಮಕ್ಕಳು ಹಸಿದರೂ ಬೇಡುವುದಿಲ್ಲ, ಕಾಯಿಲೆ ಬಿದ್ದರೂ ಗೊಣಗುವುದಿಲ್ಲ. ದೊಡ್ಡವರ ಮನಸ್ಸು ಕರಗಿಸಿ ಸದ್ದಿಲ್ಲದೆ ಸತ್ತುಹೋಗುತ್ತಾರೆ. ತಲೆಯೆತ್ತಿದರೆ, ಮಗಳು ತನ್ನ ಬಟ್ಟೆಗಳನ್ನು ಒಂದೊಂದಾಗಿ ಮಡಚುತ್ತಿದ್ದಳು. ಮಕ್ಕಳ ಒಳ್ಳೆಯತನಕ್ಕೆ ಅವಳು ಎಂದೂ ಇಷ್ಟು ಹೆದರಿರಲಿಲ್ಲ.

ಮುಂದಿನ ಪುಟದಲ್ಲಿ ಒಂದು ಕೆಂಪು ಪೆನ್ಸಿಲ್ ಇತ್ತು. ಗೆರೆ ಎಳೆಯಲೆಂದು ಗಂಡ ಮಗಳಿಂದ ಇಸಿದುಕೊಂಡದ್ದು.

"ತಗೋ ಪುಟ್ಟಿ, ಅಪ್ಪ ಇಸ್ಕೊಂಡಿದ್ರಲ್ಲ."

ಮಗಳು ಅದನ್ನು ತಿರುಗಿಸಿ ನೋಡಿದಳು. "ಅರ್ಧ ಸವೆಸಿಬಿಟ್ಟಿದಾನೆ! ನಾಳೆನೇ ಕೊಡ್ತೀನಿ ಅಂದಿದ್ದ. ಅಪ್ಪ ಸುಳ್ಳ!" ಪೆನ್ಸಿಲನ್ನು ಗೋಡೆಗೆ ಬೀಸಿ ಎಸೆದು, ಕಾಲು ಅಪ್ಪಳಿಸಿ, ಮನೆ ಬಿರಿಯುವಂತೆ ಅತ್ತಳು.

ಅತ್ತೆ ಓಡಿ ಬಂದರು. "ಶ್! ಹೋದವರನ್ನ ಹಾಗನ್ಬಾರ್ದು ಮಗು."

"ಅನ್ಲಿ ಬಿಡಿ ಅತ್ತೆ," ಎಂದಳು ಅವಳು, ಗೋಡೆಯ ಬಳಿ ಬಿದ್ದ ಪೆನ್ಸಿಲನ್ನು ಎತ್ತಿ ಮತ್ತೆ ಮಗಳ ಕೈಗೆ ಕೊಡುತ್ತಾ.