ತುಕ್ಕು ಬಿಡಿಸಿದ ಬಂದೂಕು

ಮಾವ ಬಚ್ಚಲಿಗೆ ಹೋದದ್ದೇ ತಡ, ಕೋಮಲಾ ಬಂದೂಕಿನ ನಾಲ್ಕು ತೋಟಾಗಳನ್ನು ಎತ್ತಿ ರಾಗಿಯ ಡ್ರಮ್ಮಿನ ತಳಕ್ಕೆ ಹೂತಳು. ಗಂಡ ಹೋಗಿ ಇಪ್ಪತ್ತೆರಡು ದಿನ. ಮಾವನನ್ನೂ ಆ ಆನೆಗೆ ಒಪ್ಪಿಸಲು ಅವಳು ಸಿದ್ಧಳಿರಲಿಲ್ಲ.

ಪಾಪಣ್ಣ ಹೊರಗೆ ಬಂದ. ಹಣೆ ಬರಿದು. ಕುಂಕುಮವಿಲ್ಲದೆ ಎಂದೂ ಹೊಸಲು ದಾಟದವನು, ಸೂತಕ ಕಳೆದ ಮೇಲೂ ದೇವರ ಗೂಡಿನ ಹಿತ್ತಾಳೆ ಭರಣಿಯ ಮುಚ್ಚಳ ತೆರೆದಿರಲಿಲ್ಲ. ಬೇರೆಯವರು ಮುಟ್ಟಲೂ ಬಿಟ್ಟಿರಲಿಲ್ಲ.

ಅಂಗಳದಲ್ಲಿ ಕೂತು ಬಂದೂಕು ಬಿಚ್ಚಿದ. ನಳಿಗೆ ಒಂದು ಕಡೆ, ಮರದ ಹಿಡಿ ಒಂದು ಕಡೆ. ತೋಟಾ ಸಿಡಿಸಲು ಬಡಿಯುವ ಕುದುರೆ, ಸ್ಪ್ರಿಂಗು ಎಲ್ಲ ಕೂರುವ ನಡುವಿನ ಕಬ್ಬಿಣದ ಮೈ ತುಕ್ಕು ತಿಂದು ಕೆಂಪಗಿತ್ತು. ಅದರೊಳಗಿನದನ್ನೆಲ್ಲ ತೆಗೆದು ಬಟ್ಟೆಯಲ್ಲಿ ಕಟ್ಟಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಖಾಲಿ ಮೈಯನ್ನು ಟವೆಲ್ಲಿನಲ್ಲಿ ಸುತ್ತಿದ.

"ಸೋಮವಾರ ಸ್ಟೇಷನ್ನಿಗೆ ಒಪ್ಸೋ ಬಂದೂಕು. ಈಗ್ಯಾಕೆ ಮಾವ ಅದಕ್ಕೆ ಸಿಂಗಾರ?"

"ತುಕ್ಕು ಹೋಗ್ಬೇಕು ಕಣಮ್ಮ."

"ಹೋಗಿ ಏನಾಗ್ಬೇಕು?"

"ಆಮೇಲೆ ಹೇಳ್ತೀನಿ. ಬತ್ತೀನಿ."

ಕೋಮಲಾಳ ಗಂಡ ಮುರಳಿಯನ್ನು ಕೊಂದದ್ದು ಈ ತುಕ್ಕು ಎಂದು ತಳಿ ಊರಿನ ಸುತ್ತ ಎಲ್ಲರಿಗೂ ಗೊತ್ತು. ಒಂಟಿ ಸಲಗ ಮೂರನೆಯ ಸಲ ಹೂಕೋಸಿನ ಹೊಲಕ್ಕೆ ನುಗ್ಗಿದ ಬೆಳಗಿನ ಜಾವ, ಪಾಪಣ್ಣ ಊರಲ್ಲಿರಲಿಲ್ಲ. ಸಂಕಷ್ಟಿಯ ಉಪವಾಸವಿದ್ದು ಹೊಸೂರಿನ ದೇವಸ್ಥಾನಕ್ಕೆ ಹೋಗಿ ಅಲ್ಲೇ ಉಳಿದಿದ್ದ. ಮಗ ಬಂದೂಕು ಹಿಡಿದು ಹೋದ. ಕೋಮಲಾ ಬದುವಿನ ಮೇಲೆ ಬ್ಯಾಟರಿ ಹಿಡಿದು ನಿಂತಳು. ಮುರಳಿ ಹೆದರಿಸಲೆಂದು ಗಾಳಿಗೆ ಗುರಿಯಿಟ್ಟ. ಟಕ್ ಎಂದಿತು. ಇನ್ನೊಮ್ಮೆ ಟಕ್ ಎಂದಿತು. ಮೂರನೆಯದಕ್ಕೆ ಆನೆ ಬಿಡಲಿಲ್ಲ.

ಪೊಲೀಸರು ಬಂದು ಕೆಂಪಗಿದ್ದ ಮೈ ನೋಡಿ, ತುಕ್ಕು ಎಂದು ಬರೆದುಕೊಂಡರು. ತಿಂಗಳೊಳಗೆ ತಂದೊಪ್ಪಿಸಿ ಎಂದು ಹೇಳಿ ಹೋದರು.

ಪಾಪಣ್ಣ ಹಿಂದೆಲ್ಲ ಆ ಸಲಗದ ಹೆಜ್ಜೆಗುರುತಿನಲ್ಲಿ ಗರಿಕೆ ಇಟ್ಟು ಕೈ ಮುಗಿಯುತ್ತಿದ್ದವನು. "ಬೇರೆಯೋರು ಬೆಳೆ ಕಾಯ್ತಾರೆ, ನಮ್ಮಪ್ಪ ಬಡಿಸ್ತಾನೆ" ಎಂದು ಮುರಳಿ ರೇಗಿಸುತ್ತಿದ್ದ. ಎರಡನೆಯ ಸಲ ಬೆಳೆ ಹೋದಾಗ ಮಾತ್ರ ಅವನು ನಗಲಿಲ್ಲ. "ಇನ್ನೊಂದ್ಸಲ ಬರ್ಲಿ, ನಿನ್ ಗಣಪ್ಪನ ಹಣೆಗೇ ಇಡ್ತೀನಿ" ಎಂದಿದ್ದ. ಈಗ ಪಾಪಣ್ಣ ಗರಿಕೆ ಕೀಳುವುದನ್ನು ಬಿಟ್ಟಿದ್ದ. ಮುದುಕನ ಮನಸ್ಸು ತಿರುಗಿದೆ ಎಂದು ಊರು ಮಾತಾಡಿಕೊಂಡಿತು.

ಹೊಸೂರಿನ ಬಸ್ಸಿನಲ್ಲಿ ಕಂಡಕ್ಟರ್ ಟವೆಲ್ಲನ್ನು ಮುಟ್ಟಿ ನೋಡಿದ. "ಏನು ತಾತ, ನಿನ್ನೆ ಮುದ್ದೆನಾ? ಕಲ್ಲಾಗ್ಬುಟ್ಟೈತೆ!" ಪಾಪಣ್ಣ ಗಂಟನ್ನು ಎದೆಗೊತ್ತಿಕೊಂಡ.

ಶ್ಯಾಮಣ್ಣನ ಶೆಡ್ಡು ಹೊಸೂರಿನ ಮೂಕಂಡಪಲ್ಲಿಯಲ್ಲಿ. ಬಂದೂಕಿನ ಅಂಗಡಿಯಲ್ಲಿ ಮೂವತ್ತು ವರ್ಷ ದುಡಿದವನು. ಆಯುಧಪೂಜೆಗೆ ಮುರಳಿಯ ಬಂದೂಕನ್ನು ಬಿಚ್ಚಿ ಎಣ್ಣೆ ಹಾಕಿದವನೂ ಅವನೇ. ಹನ್ನೊಂದನೆಯ ದಿನ ಕೋಮಲಾ ಬಂದು ಅವನ ಬಾಗಿಲಿಗೆ ಮಣ್ಣು ತೂರಿ, "ನಿನ್ ಕೈ ಸೇದೋಗ" ಎಂದು ಶಪಿಸಿ ಹೋದ ಮೇಲೆ ಅವನಿಗೆ ಯಾರೂ ಕೆಲಸ ತಂದಿರಲಿಲ್ಲ.

ಪಾಪಣ್ಣನನ್ನು ಕಂಡು ಅವನು ಎದ್ದು ನಿಂತ. ಗಂಟು ಬಿಚ್ಚಿ ನೋಡಿದ. "ಬೆಂಗಳೂರಲ್ಲಿ ತುಕ್ಕು ತೆಗ್ದು ಕಪ್ಪು ಹಾಕೋಕೆ ಐದು ಸಾವಿರ ಕೇಳ್ತಾರಣ್ಣ."

"ನನ್ನತ್ರ ಮುನ್ನೂರದೆ."

"ಅದೂ ಬ್ಯಾಡ. ಉಪ್ಪು, ವಿನೆಗರ್ ಸಾಕು. ಒಳಗಿನ ಸಾಮಾನೆಲ್ಲಿ?"

"ತಂದಿಲ್ಲ."

ಶ್ಯಾಮಣ್ಣ ತಲೆ ತಗ್ಗಿಸಿದ. ಅದನ್ನು ಇನ್ನೊಮ್ಮೆ ತನ್ನ ಕೈಗೆ ಕೊಡಲು ಯಾರಿಗೆ ತಾನೇ ಮನಸ್ಸು ಬಂದೀತು?

ಸೀಮೆಎಣ್ಣೆ ಹಚ್ಚಿ, ಉಪ್ಪುಕಾಗದದಲ್ಲಿ ತಿಕ್ಕಿದರು. ಬಟ್ಟೆ ಸೋಡಾ ಬೆರೆಸಿದ ನೀರಿನಲ್ಲಿ ಜಿಡ್ಡು ತೆಗೆದು, ಉಪ್ಪು ಬೆರೆಸಿದ ವಿನೆಗರ್ ಸವರಿ, ಒದ್ದೆ ಗೋಣಿ ಹಾಸಿದ ಡಬ್ಬದಲ್ಲಿ ತೂಗುಹಾಕಿದರು. ಹೊಸ ತುಕ್ಕು ಅರಳಿತು. ನೀರಲ್ಲಿ ಕುದಿಸಿದಾಗ ಆ ಕೆಂಪು ಕಪ್ಪಾಯಿತು. ಒರಟನ್ನು ಉಜ್ಜಿ ತೆಗೆದು ಮತ್ತೆ ಸವರಿದರು. ಹೀಗೆ ಮೂರು ದಿನ, ಆರು ಸಲ.

"ಹೊರಗಿನ ತುಕ್ಕು ಗುಂಡು ತಡೆಯಲ್ಲಣ್ಣ" ಎಂದ ಶ್ಯಾಮಣ್ಣ, ಒಲೆ ನೋಡುತ್ತ. "ಕುದುರೆ ಬಡಿದ್ರೆ ಒಳಗಿನ ಸಣ್ಣ ಮೊಳೆ ಹೋಗಿ ತೋಟಾಗೆ ಚುಚ್ಚಬೇಕು. ಆ ಮೊಳೆ ನಾನೇ ಒರೆಸಿ ಕೂರಿಸ್ದೆ. ಸೂಜಿ ತರ ಹೊಳೀತಿತ್ತು. ಎಲ್ಲಿ ತಪ್ಪಿದ್ನೋ. ರಾತ್ರಿಯೆಲ್ಲ ಅದನ್ನೇ ಬಿಚ್ಚಿ ಬಿಚ್ಚಿ ಕೂರಿಸ್ತೀನಿ, ಕನಸಲ್ಲಿ."

ಪಾಪಣ್ಣ ಉಜ್ಜುತ್ತಲೇ ಇದ್ದ. ಹೆಬ್ಬೆರಳು ಒಡೆದು ರಕ್ತ ಬಂದದ್ದನ್ನು ಶ್ಯಾಮಣ್ಣನೇ ನೋಡಿ ಅವನ ಕೈ ಹಿಡಿದು ನಿಲ್ಲಿಸಬೇಕಾಯಿತು.

ಭಾನುವಾರ ಪಾಪಣ್ಣ ಅವನನ್ನೂ ಕರೆದುಕೊಂಡು ಮನೆಗೆ ಬಂದ. ಕೋಮಲಾ ಬಾಗಿಲಿಗೆ ಅಡ್ಡ ನಿಂತಳು. "ಈ ಮನುಷ್ಯನ್ನ ಯಾಕೆ ಕರ್ಕೊಂಡು ಬಂದ್ರಿ?"

"ಅವನೂ ಇರ್ಬೇಕು. ಕೂತ್ಕೊ ತಾಯಿ."

ಬೀಗ ತೆಗೆದು, ಒಳಗಿನದನ್ನೆಲ್ಲ ತಾನೇ ಕೂರಿಸಿ, ಪಾಪಣ್ಣ ಬಂದೂಕು ಜೋಡಿಸಿದ. ಮೈ ಕಾಗೆಯ ರೆಕ್ಕೆಯಂತೆ ಕಪ್ಪಗೆ ಮಿಂಚಿತು. ಒಂದು ಕೆಂಪು ಚುಕ್ಕೆ ಇರಲಿಲ್ಲ.

"ನಾಳೆ ಒಪ್ಪಿಸ್ತೀನಿ. ನೋಡ್ದೋರು ಯಾರೂ ಇನ್ಮೇಲೆ ತುಕ್ಕು ಅನ್ನಬಾರ್ದು."

"ಸುಳ್ಳು!" ಕೋಮಲಾಳ ದನಿ ಒಡೆಯಿತು. "ನೀವು ಹೊಲಕ್ಕೆ ಹೋಗ್ತೀರಿ. ತೋಟಾ ಸಿಗಲ್ಲ ಮಾವ. ಕೊಡಲ್ಲ ನಾನು."

"ಅವು ಬ್ಯಾಡ ಕಣಮ್ಮ."

ಅವನು ದೇವರ ಗೂಡಿಗೆ ಹೋಗಿ ಹಿತ್ತಾಳೆ ಭರಣಿ ತಂದ. ಮುಚ್ಚಳ ತೆಗೆದು ಸೊಸೆಯ ಮುಂದಿನ ತಟ್ಟೆಗೆ ಬಗ್ಗಿಸಿದ. ಕುಂಕುಮ ರಾಶಿಯಾಗಿ ಬಿತ್ತು. ಅದರ ಹಿಂದೆ, ಬೆರಳ ಗೆಣ್ಣಿನಷ್ಟುದ್ದದ ಉಕ್ಕಿನ ಮೊಳೆಯೊಂದು ಟಕ್ ಎಂದು ಬಿತ್ತು. ಶ್ಯಾಮಣ್ಣ ಅದನ್ನು ಗುರುತು ಹಿಡಿದು, ಗೋಡೆಗೆ ಒರಗಿ ಅಳತೊಡಗಿದ.

"ಆನೆ ಹಣೆಗೆ ಇಡ್ತೀನಿ ಅಂದನಲ್ಲ, ಅವತ್ತೇ ನಾನು ಇದನ್ನ ಬಿಚ್ಚಿಟ್ಟೆ ತಾಯಿ."