ಇಳಿಯಬೇಕಾದ ಸ್ಟಾಪು

ಮೂರನೆಯ ಸಲವೂ ವಿಲ್ಬರ್ ಇಳಿಯಬೇಕಾದ ಸ್ಟಾಪಿನಲ್ಲಿ ತಾನಾಗಿ ಇಳಿಯಲಿಲ್ಲ. ವ್ಯಾನಿನ ಕಿಟಕಿಗೆ ಹಣೆ ಒತ್ತಿ, ದೂರದ ಮಿಸ್ತಿ ಪರ್ವತ ನೋಡುತ್ತ ಕೂತೇ ಇದ್ದ. ಮಾರ್ಲೆನಿ “ಇಳೀತೀವಿ” ಎಂದು ಕೂಗಿ, ಅವನ ತೋಳು ಹಿಡಿದು ಎಬ್ಬಿಸಿ ಇಳಿಸಿದಳು.

“ಪುಟ್ಟಾ, ಬೇಕರಿಯ ಹಸಿರು ಗೇಟು ಕಂಡ ಕೂಡಲೇ ಏನು ಹೇಳ್ಬೇಕು?”

“ಇಳೀತೀನಿ ಅನ್ಬೇಕು ಮಿಸ್.”

“ಮತ್ತೆ ಯಾಕೆ ಅನ್ನಲಿಲ್ಲ?”

“ನೀವೇ ಅಂದ್ರಲ್ಲ.”

ಪುಟ್ಟನಿಗೆ ಮೂವತ್ತನಾಲ್ಕು ವರ್ಷ, ಮಾರ್ಲೆನಿಗೆ ಇಪ್ಪತ್ತಮೂರು. ಅವನಿಗೆ ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್. ಅವಳಿಗೆ ಅರೆಕಿಪಾ ನಗರದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ವಿಶೇಷ ಶಿಕ್ಷಣದ ಕೊನೆಯ ವರ್ಷ. ಆರು ವಾರದೊಳಗೆ ಅವನು ತಾನಾಗಿ ವ್ಯಾನ್ ಹತ್ತಿ ಬೇಕರಿ ಮುಂದೆ ಇಳಿಯುವಂತಾಗಬೇಕು. ಇದೇ ಅವಳ ಪ್ರಾಯೋಗಿಕ ಪರೀಕ್ಷೆ. ಮೊಯೆಂದೊ ಬಂದರಿನ ಶಾಲೆಯೊಂದು ಮಾರ್ಚಿಗೆ ಕೆಲಸ ಕೊಡಲು ಅವಳ ದಾರಿ ಕಾಯುತ್ತಿತ್ತು. ಫೇಲಾದರೆ ಕಾಯುವುದಿಲ್ಲವೆಂದೂ ತಿಳಿಸಿತ್ತು.

ವಿಲ್ಬರನನ್ನು ಪರಿಚಯಿಸಿದ ದಿನ ಪ್ರೊಫೆಸರ್ ಓಫೇಲಿಯಾ ಹೇಳಿದ್ದು ಇಷ್ಟೇ: “ಹುಷಾರು ಮಗಳೇ. ಹೋದ ವರ್ಷ ವಿಲ್ಬರ್ ಕೈಲಿ ಇಬ್ಬರು ಫೇಲಾಗಿದ್ದಾರೆ.”

ಅಷ್ಟು ಕಷ್ಟದ ಕೇಸು ಎಂದುಕೊಂಡ ಮಾರ್ಲೆನಿ ಅವನಿಗೆ ಯಾವ ಕಷ್ಟವನ್ನೂ ಕೊಡಲಿಲ್ಲ. ಟಿಕೆಟಿನ ಚಿಲ್ಲರೆ ಅವಳೇ ಕೊಟ್ಟಳು. ಜಾಕೆಟ್ಟಿನ ಜಿಪ್ಪು ಅವಳೇ ಎಳೆದಳು. ಐಸ್‌ಕ್ರೀಮು ಮಾರುವ ಹೆಂಗಸು “ದೊಡ್ಡದಾ ಚಿಕ್ಕದಾ ವಿಲ್ಬರ್?” ಎಂದು ಕೇಳಿದರೆ, “ಚಿಕ್ಕದು” ಎಂದು ಅವಳೇ ಉತ್ತರಿಸಿದಳು.

ಕಂಡಕ್ಟರನಿಗೂ ಅವನ ಗುರುತಿತ್ತು. “ಏನಪ್ಪಾ ವಿಲ್ಬರ್, ಈ ಸಲ ಹೊಸಬ್ರಾ? ಹೇಗೆ ನಡೀತಿದೆ ಕಲಿಕೆ?”

“ನಿಧಾನ,” ಎಂದ ವಿಲ್ಬರ್.

ಐದನೆಯ ವಾರದ ಕೊನೆಗೆ ಮಾರ್ಲೆನಿ ಬೇಕರಿಯ ಮೆಟ್ಟಿಲ ಮೇಲೆ ಕುಸಿದು ಕೂತಳು. “ನಿಜ ಹೇಳು ಪುಟ್ಟಾ. ನಿನ್ನ ಕೈಲಿ ಆಗಲ್ವಾ?”

ವಿಲ್ಬರ್ ಅವಳ ಪಕ್ಕದಲ್ಲಿ ಕೂತ. “ನೀವು ಬಿಟ್ಟರೆ ತಾನೇ ಮಿಸ್, ಗೊತ್ತಾಗೋದು?”

ಆ ಮಾತು ಶನಿವಾರ, ಭಾನುವಾರ ಎರಡೂ ದಿನ ಅವಳನ್ನು ಕೊರೆಯಿತು.

ಸೋಮವಾರ ಹಸಿರು ಗೇಟು ಬಂತು. ವಿಲ್ಬರ್ ಅಲುಗಾಡಲಿಲ್ಲ. ಮಾರ್ಲೆನಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟು ಕೂತಳು. ಗೇಟು ಹೋಯಿತು. ಆಸ್ಪತ್ರೆ ಹೋಯಿತು. ಊರೇ ಮುಗಿದು, ವ್ಯಾನು ಕೊನೆಯ ನಿಲ್ದಾಣದ ಧೂಳಿನಲ್ಲಿ ನಿಂತಿತು. ಇಬ್ಬರೂ ಇಳಿದರು. ಇಪ್ಪತ್ತು ನಿಮಿಷ ಅಲ್ಲೇ ನಿಂತರು. ನಾಯಿಯೊಂದು ಇಬ್ಬರನ್ನೂ ಮೂಸಿ, ಪ್ರಯೋಜನವಿಲ್ಲವೆಂದು ಹೋಯಿತು. ಕೈಗೆ ಬಂದ ಕೆಲಸ ತಪ್ಪಿತೆಂದು ಮಾರ್ಲೆನಿಯ ಕಣ್ಣಲ್ಲಿ ನೀರು ತುಂಬಿತು. ಬಾಯಿ ಮಾತ್ರ ತೆರೆಯಲಿಲ್ಲ.

ಆಮೇಲೆ ವಿಲ್ಬರ್ ರಸ್ತೆ ದಾಟಿದ. ವಾಪಸು ಹೋಗುವ ವ್ಯಾನಿಗೆ ಕೈ ತೋರಿಸಿದ. ತನ್ನ ಜೇಬಿನಿಂದಲೇ ಚಿಲ್ಲರೆ ತೆಗೆದು ಕೊಟ್ಟ. ಗೇಟು ಕಾಣುವ ಮೊದಲೇ ಎದ್ದು ನಿಂತು, “ಇಳೀತೀನಿ!” ಎಂದು ವ್ಯಾನಿಗೆ ವ್ಯಾನೇ ತಿರುಗಿ ನೋಡುವಂತೆ ಕೂಗಿದ.

ಶುಕ್ರವಾರ ಮೌಖಿಕ ಪರೀಕ್ಷೆ. ವಿಲ್ಬರ್ ಕೂಡ ಇರಬೇಕು ಎಂದಿದ್ದರು; ಮಾರ್ಲೆನಿ ಅವನನ್ನು ಜೊತೆಗೇ ಕರೆದುಕೊಂಡು ಒಳಗೆ ಬಂದಳು. ಮೇಜಿನಾಚೆ ಮೂರು ಕುರ್ಚಿ. ಒಂದರಲ್ಲಿ ಪ್ರೊಫೆಸರ್ ಓಫೇಲಿಯಾ, ಇನ್ನೊಂದರಲ್ಲಿ ವಿಭಾಗದ ಮುಖ್ಯಸ್ಥರು. ನಡುವಿನದು ಖಾಲಿ.

“ಪರೀಕ್ಷಕರು ಇನ್ನೂ ಬಂದಿಲ್ವಾ ಮೇಡಂ?” ಎನ್ನುತ್ತ ಮಾರ್ಲೆನಿ ತನ್ನ ಪಕ್ಕದಲ್ಲಿ ವಿಲ್ಬರ್‌ಗೊಂದು ಕುರ್ಚಿ ಎಳೆದಳು.

ವಿಲ್ಬರ್ ಕೂರಲಿಲ್ಲ. ಮೇಜು ಸುತ್ತಿಕೊಂಡು ಹೋಗಿ ನಡುವಿನ ಕುರ್ಚಿಯಲ್ಲಿ ಕೂತ.

“ಇಪ್ಪತ್ತಕ್ಕೆ ಹನ್ನೊಂದು. ಪಾಸು,” ಎಂದರು, ಒಂಬತ್ತು ವರ್ಷಗಳಿಂದ ಆ ವಿಭಾಗದ ಪ್ರಾಯೋಗಿಕ ಪರೀಕ್ಷಕರಾಗಿರುವ ಸೆನ್ಯೋರ್ ವಿಲ್ಬರ್ ಚೋಕೆ. “ಅದರಲ್ಲಿ ಹತ್ತು ಸೋಮವಾರದ್ದೇ, ಮಿಸ್.”